.375 ಎಚ್ ಅಂಡ್ ಎಚ್ ಮ್ಯಾಗ್ನಮ್: ಗುಂಡು ಮತ್ತು ಮದ್ದಿನ ಆಯ್ಕೆಯ ಇತಿಹಾಸ

.375 ಎಚ್ ಅಂಡ್ ಎಚ್ ಮ್ಯಾಗ್ನಮ್ ಎಂಬುದು ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕೋವಿ ಕಂಪನಿ 1912ರಲ್ಲಿ ಹೊರತಂದ ಬೇಟೆ ರೈಫಲಿನ ತೋಟಾ. ಗುಂಡಿನ ವ್ಯಾಸ 0.375 ಅಂಗುಲ, ಅಂದರೆ 9.5 ಮಿ.ಮೀ. ಹಿತ್ತಾಳೆ ಕೋಶದ ಉದ್ದ 72.4 ಮಿ.ಮೀ., ಗುಂಡು ಸೇರಿದ ಇಡೀ ತೋಟಾದ್ದು 91.4 ಮಿ.ಮೀ. ಆಫ್ರಿಕದ ಸಣ್ಣ ಜಿಂಕೆಯಿಂದ ಆನೆಯವರೆಗೆ, ಅಲಾಸ್ಕದಲ್ಲಿ ಕಂದು ಕರಡಿಯವರೆಗೆ ಇದನ್ನು ಬಳಸಿದ್ದಾರೆ. ಇದರ ಓರಗೆಯ ಅನೇಕ ತೋಟಾಗಳು ವಸ್ತುಸಂಗ್ರಹಾಲಯ ಸೇರಿದ ಮೇಲೂ ಇದು ಮಾರುಕಟ್ಟೆಯಲ್ಲಿ ಉಳಿಯಲು ಮುಖ್ಯ ಕಾರಣ, ಒಂದೇ ನಳಿಗೆಗೆ ಬೇರೆ ಬೇರೆ ತೂಕದ ಗುಂಡುಗಳನ್ನು ಆರಿಸಿಕೊಳ್ಳುವ ಅವಕಾಶ ಹುಟ್ಟಿನಿಂದಲೇ ಇದರಲ್ಲಿದ್ದದ್ದು.

ಹ್ಯಾರಿಸ್ ಹಾಲೆಂಡ್ 1835ರಲ್ಲಿ ಆರಂಭಿಸಿದ ಈ ಕಂಪನಿ 20ನೆಯ ಶತಮಾನದ ಮೊದಲ ದಶಕದಲ್ಲಿ ಯುರೋಪಿನ ಬೋಲ್ಟ್ ರೈಫಲುಗಳ ಪೈಪೋಟಿ ಎದುರಿಸುತ್ತಿತ್ತು. ಜರ್ಮನಿಯ ಆಟೊ ಬಾಕ್ 1905ರಲ್ಲಿ ರೂಪಿಸಿದ 9.3×62 ಮಿ.ಮೀ. ತೋಟಾ, ಮ್ಯಾನ್ಲಿಕರ್ ರೈಫಲಿನ 9.5 ಮಿ.ಮೀ. ತೋಟಾಗಳು ಅಗ್ಗದ ಬಂದೂಕುಗಳೊಂದಿಗೆ ಆಫ್ರಿಕದ ವಸಾಹತುಗಳನ್ನು ತಲುಪತೊಡಗಿದವು. ಈ ಪೈಪೋಟಿಯಲ್ಲಿ ಹಾಲೆಂಡ್ ಕಂಪನಿಯ ಮೊದಲ ತೋಟಾ 1905ರ .400/375. ಬಲದಲ್ಲಿ ಸಪ್ಪೆ ಎನಿಸಿದರೂ ಅದರಲ್ಲಿ ಹೊಸದೊಂದು ಅಂಶವಿತ್ತು. ಕೋಶದ ಬುಡದಲ್ಲಿ ಉಡಿದಾರದಂತೆ ಸುತ್ತುವರಿದ ಒಂದು ಉಬ್ಬುಪಟ್ಟಿ. ಅಂಚಿರುವ ಹಳೆಯ ತೋಟಾ ತನ್ನ ಅಂಚಿನಿಂದ, ಅಂಚಿಲ್ಲದ್ದು ತನ್ನ ಹೆಗಲಿನಿಂದ (ಕೋಶ ಕುತ್ತಿಗೆಯತ್ತ ಕಿರಿದಾಗುವ ಭಾಗ) ಚೇಂಬರಿನೊಳಗೆ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ಹೆಗಲು ತೀರ ಇಳಿಜಾರಾಗಿದ್ದರೆ ಆ ನಿಲುಗಡೆಯನ್ನು ನಂಬುವಂತಿಲ್ಲ. ಪಟ್ಟಿ ಆ ಕೆಲಸ ವಹಿಸಿಕೊಂಡಿತು. ಅಂಚಿನ ಅಡ್ಡಿಯಿಲ್ಲದೆ ತೋಟಾಗಳು ಮ್ಯಾಗಜೀನಿನಿಂದ ಸರಾಗವಾಗಿ ಜಾರಿದವು.

.375ರ ಹೆಗಲನ್ನು ತೀರ ಇಳಿಜಾರಾಗಿಸಿದ್ದರ ಹಿಂದೆ ಇದ್ದದ್ದು ಕಾರ್ಡೈಟ್ ಮತ್ತು ಬಿಸಿಲು. ಏಬಲ್ ಮತ್ತು ಡ್ಯೂವರ್ 1889ರಲ್ಲಿ ಸಿದ್ಧಪಡಿಸಿದ ಈ ಹೊಗೆರಹಿತ ಮದ್ದು ಉದ್ದನೆಯ ಎಳೆಗಳ ರೂಪದಲ್ಲಿ ಬರುತ್ತಿತ್ತು. ಮೊದಲ ಪಾಕದಲ್ಲಿ ಶೇ. 58ರಷ್ಟು ನೈಟ್ರೊಗ್ಲಿಸರಿನ್ ಇತ್ತು. ಅದು ಬಿಸಿಯಾಗಿ ಉರಿದು ನಳಿಗೆಯನ್ನು ಸವೆಸುತ್ತಿತ್ತು. ಇದಕ್ಕಿಂತ ಗಂಭೀರವಾದ ತೊಂದರೆ ಇನ್ನೊಂದು: ಲಂಡನ್ನಿನ ಚಳಿಯಲ್ಲಿ ಸರಿಯಾಗಿ ನಡೆದ ತೋಟಾ ಉಗಾಂಡದ ಅಥವಾ ಭಾರತದ ಮಧ್ಯಪ್ರಾಂತದ ಬೇಸಗೆಯಲ್ಲಿ ಹೆಚ್ಚಿನ ಒತ್ತಡ ಹುಟ್ಟಿಸಿ ಚೇಂಬರಿಗೆ ಅಂಟಿಕೊಳ್ಳುತ್ತಿತ್ತು. ಗಾಯಗೊಂಡ ಕಾಡೆಮ್ಮೆ ನುಗ್ಗಿ ಬರುವಾಗ ಖಾಲಿ ಕೋಶ ಹೊರಗೆ ಬಾರದಿದ್ದರೆ ಬೇಟೆಗಾರನ ಕಥೆ ಮುಗಿಯಿತು. ಹಾಗಾಗಿ 1912ರ .375 ಕೋಶವನ್ನು ಬುಡದಿಂದ ಕುತ್ತಿಗೆಯವರೆಗೆ ಕ್ರಮವಾಗಿ ಕಿರಿದಾಗುವಂತೆ ಮಾಡಿ, ಒತ್ತಡವನ್ನು ಮಿತಿಯಲ್ಲಿಟ್ಟರು. ಸ್ವಲ್ಪ ಸಡಿಲಗೊಂಡರೂ ಸಾಕು, ಅಂಥ ಕೋಶ ಸುಲಭವಾಗಿ ಕಳಚಿಕೊಳ್ಳುತ್ತದೆ. ಜೋಡುನಳಿಗೆಯ ರೈಫಲುಗಳಿಗಾಗಿ ಅಂಚುಳ್ಳ, ಇನ್ನೂ ಸ್ವಲ್ಪ ಕಡಿಮೆ ಒತ್ತಡದ ಅವಳಿ ರೂಪವೂ ಜತೆಗೇ ಬಂತು.

ಇದೇ ಕಾಲದ ಇನ್ನೊಂದು ಸಂಗತಿ ಭಾರತಕ್ಕೆ ಸೇರಿದ್ದು. .450 ಅಳತೆಯ ಮಾರ್ಟಿನಿ-ಹೆನ್ರಿ ಸೈನಿಕ ಬಂದೂಕುಗಳಿಗೆ ಬಂಡುಕೋರರು ಗುಂಡು ಹೊಂದಿಸಿಕೊಳ್ಳಬಹುದೆಂಬ ಭಯದಿಂದ ಬ್ರಿಟಿಷ್ ಸರ್ಕಾರ 1907ರಲ್ಲಿ ಭಾರತ ಮತ್ತು ಸುಡಾನಿನಲ್ಲಿ .450 ಅಳತೆಯ ರೈಫಲುಗಳನ್ನು ನಿಷೇಧಿಸಿತು. ಲಂಡನ್ನಿನ ಕೋವಿಗಾರರು .465, .470, .475 ಎಂದು ಹೊಸ ಅಳತೆಗಳನ್ನು ಹುಡುಕಿದರು. ಆ ನಿಷೇಧ .375ಕ್ಕೆ ತಗಲಲಿಲ್ಲ.

1912ರ ಈ ತೋಟಾಕ್ಕೆ ಮೊದಲಿಗೆ ಮೂರು ತೂಕದ ಗುಂಡುಗಳಿದ್ದವು. ಹಗುರಾದ 235 ಗ್ರೇನಿನದು, ಅಂದರೆ 15.2 ಗ್ರಾಂ ತೂಕದ್ದು, ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಹಾರುತ್ತಿತ್ತು. ಬಯಲು ಮತ್ತು ಬೆಟ್ಟಗಳ ದೂರದ ಈಡಿಗೆ ಅದು. 270 ಗ್ರೇನಿನದು (17.5 ಗ್ರಾಂ) ಸುಮಾರು 808 ಮೀಟರ್ ವೇಗದ್ದು, ಸಿಂಹ ಮತ್ತು ದೊಡ್ಡ ಜಿಂಕೆಗಳಿಗೆ. 300 ಗ್ರೇನಿನದು (19.4 ಗ್ರಾಂ) ಸುಮಾರು 762 ಮೀಟರ್ ವೇಗದ್ದು, ದಪ್ಪ ಚರ್ಮದ ಪ್ರಾಣಿಗಳಿಗೆ. ಬಹಳಷ್ಟು ರೈಫಲುಗಳಲ್ಲಿ ಈ ಮೂರೂ ಗುಂಡುಗಳು ಬೇಟೆಯ ದೂರದಲ್ಲಿ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬೀಳುತ್ತವೆ ಎಂಬ ಹೆಸರು .375ಕ್ಕೆ ಬೇಗನೆ ಬಂತು. ತೂಕ ಬದಲಿಸಿದಾಗಲೆಲ್ಲ ಗುರಿಪಟ್ಟಿ ಸರಿಪಡಿಸಿಕೊಳ್ಳಬೇಕಾದ ತೋಟಾಗಳ ನಡುವೆ ಇದು ದೊಡ್ಡ ಅನುಕೂಲ. ಆದರೆ ಇದು ಪ್ರತಿ ನಳಿಗೆಯೂ ಪಾಲಿಸುವ ನಿಯಮವಲ್ಲ. ತನ್ನ ರೈಫಲಿನಲ್ಲಿ ಪರೀಕ್ಷಿಸದೆ ಇದನ್ನು ನಂಬುವುದು ಪ್ರಾಣಿಗೆ ಮಾಡುವ ಅನ್ಯಾಯ.

ತೂಕದ ಜತೆಗೆ ನೋಡಬೇಕಾದದ್ದು ಗುಂಡಿನ ಛೇದ ಸಾಂದ್ರತೆ, ಅಂದರೆ ತೂಕಕ್ಕೂ ಅಡ್ಡಗಾತ್ರಕ್ಕೂ ಇರುವ ಅನುಪಾತ. ಇದನ್ನು ವಿವರಿಸಲು ಕನ್ನಡ ಓದುಗರಿಗೆ ಹತ್ತಿರದ ಉದಾಹರಣೆಯೊಂದಿದೆ. ಪೂರ್ಣಚಂದ್ರ ತೇಜಸ್ವಿಯವರ ಕಾಡಿನ ಕಥೆಗಳ ಮೂಲಕ ಪರಿಚಿತರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಹಿಡಿಯುತ್ತಿದ್ದದ್ದು .405 ವಿಂಚೆಸ್ಟರ್. ಅದರ ಗುಂಡಿನ ತೂಕವೂ 300 ಗ್ರೇನ್. ಆದರೆ ಅದರ ವ್ಯಾಸ 0.411 ಅಂಗುಲ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಛೇದ ಸಾಂದ್ರತೆ .405ರಲ್ಲಿ 0.254, .375ರಲ್ಲಿ 0.305. ಹುಲಿ, ಚಿರತೆಗಳ ಚರ್ಮ ಮತ್ತು ಸ್ನಾಯು ಮೃದು. ಅವುಗಳಿಗೆ ಮೊದಲನೆಯದು ಧಾರಾಳ ಸಾಕು. ಕಾಟಿಯ ಹೆಗಲೆಲುಬನ್ನೋ ಆನೆಯ ತಲೆಬುರುಡೆಯನ್ನೋ ದಾಟಬೇಕಾದಾಗ ಉದ್ದ ಹೆಚ್ಚಿರುವ, ಕಿರಿದಾದ, ವೇಗದ ಗುಂಡೇ ಒಳಹೊಗುತ್ತದೆ. ಒಂದೇ ತೂಕದ ಎರಡು ಗುಂಡುಗಳು ಎರಡು ಬೇರೆ ಆಯುಧಗಳಾಗುವುದು ಹೀಗೆ.

ಗುಂಡಿನ ರಚನೆಯಲ್ಲಿ ಆಗ ಇದ್ದದ್ದು ಎರಡೇ ಬಗೆ. ಮೂತಿಯಲ್ಲಿ ಸೀಸ ಬಿಟ್ಟುಕೊಂಡ ಮೃದುಗುಂಡು ಹೊಡೆತಕ್ಕೆ ಅಣಬೆಯಾಕಾರಕ್ಕೆ ಅರಳಿ ಅಗಲವಾದ ಗಾಯ ಮಾಡುತ್ತದೆ. ಪೂರ್ತಿ ಲೋಹದ ಹೊದಿಕೆಯ ಘನಗುಂಡು ಅರಳದೆ ನೇರವಾಗಿ ಸಾಗುತ್ತದೆ. ಅರಳುವ ಗುಂಡಿನ ಹೆಸರನ್ನು ಜಗತ್ತಿಗೆ ಕುಖ್ಯಾತವಾಗಿಸಿದ್ದು ಕಲ್ಕತ್ತದ ಬಳಿಯ ದಮ್‌ದಮ್ ಶಸ್ತ್ರಾಗಾರ. 1890ರ ದಶಕದಲ್ಲಿ ಅಲ್ಲಿ ತಯಾರಾದ ಸೈನಿಕ ಗುಂಡಿನ ಮೇಲಿನ ವಿವಾದದ ಬೆನ್ನಿಗೆ 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅರಳುವ ಗುಂಡುಗಳನ್ನು ನಿಷೇಧಿಸಿತು. ಬೇಟೆಯಲ್ಲಿ ಅವು ಉಳಿದವು, ಉಳಿಯಬೇಕಾದದ್ದೂ ಸರಿಯೇ: ಅರಳದ ಗುಂಡು ಜಿಂಕೆಯ ಮೈಯಲ್ಲಿ ಸಣ್ಣ ತೂತು ಕೊರೆದು ಹೋದರೆ ಪ್ರಾಣಿ ಮೈಲಿಗಟ್ಟಲೆ ನರಳುತ್ತ ಓಡುತ್ತದೆ.

ಮೊದಲ ಮಹಾಯುದ್ಧದವರೆಗೆ ಈ ತೋಟಾವನ್ನು ಹಾಲೆಂಡ್ ಕಂಪನಿ ತನ್ನ ಸ್ವಂತ ಸ್ವತ್ತಾಗಿಯೇ ಇಟ್ಟುಕೊಂಡಿತ್ತು. ಯುದ್ಧಾನಂತರ ಬೇರೆಯವರಿಗೂ ಬಿಟ್ಟುಕೊಟ್ಟಿತು. 1925ರಲ್ಲಿ ಅಮೆರಿಕದ ವೆಸ್ಟರ್ನ್ ಕಾರ್ಟ್ರಿಜ್ ಕಂಪನಿ ಇದನ್ನು ತುಂಬಿಸಿ ಮಾರತೊಡಗಿತು. 1937ರಲ್ಲಿ ವಿಂಚೆಸ್ಟರಿನ ಮಾಡೆಲ್ 70 ರೈಫಲಿನಲ್ಲಿ ಸ್ಥಾನ ಸಿಕ್ಕಿತು. ಅಲ್ಲಿಯವರೆಗೆ ದುಬಾರಿ ಮೌಸರ್ ಮ್ಯಾಗ್ನಮ್ ಯಂತ್ರಾಂಗ ಕೊಳ್ಳಬಲ್ಲವರ ಕೈಯಲ್ಲಷ್ಟೇ ಇದ್ದ ತೋಟಾ ಸಾಮಾನ್ಯ ಬೇಟೆಗಾರನ ಹೆಗಲೇರಿತು. ಈ ಅಟ್ಲಾಂಟಿಕ್ ದಾಟುವಿಕೆಯೂ ಅದನ್ನು ಉಳಿಸಿತು. ಬ್ರಿಟನ್ನಿನ ಬೇಟೆ ತೋಟಾಗಳ ಮುಖ್ಯ ತಯಾರಕ ಕೈನಾಕ್ 1970ರ ಹೊತ್ತಿಗೆ ದೊಡ್ಡ ಅಳತೆಯ ತೋಟಾಗಳನ್ನು ನಿಲ್ಲಿಸಿದಾಗ .404, .416, .470ರ ಒಡೆಯರು ತೋಟಾ ಸಿಗದೆ ಪರದಾಡಿದರು. .375ದವರಿಗೆ ಅಮೆರಿಕದ ಪೆಟ್ಟಿಗೆಗಳು ಸಿಗುತ್ತಲೇ ಇದ್ದವು. ಇದರ ಕೋಶದಿಂದ ಹುಟ್ಟಿದ ಸಂತತಿಯೂ ದೊಡ್ಡದು: 1925ರ .300 ಎಚ್ ಅಂಡ್ ಎಚ್, 1956ರ .458 ವಿಂಚೆಸ್ಟರ್, 1962ರ 7 ಮಿ.ಮೀ. ರೆಮಿಂಗ್ಟನ್ ಎಲ್ಲವೂ ಇದೇ ಉಬ್ಬುಪಟ್ಟಿ ಕಟ್ಟಿದವು.

ವೇಗ ಹೆಚ್ಚಿದಂತೆ ಹಳೆಯ ಮೃದುಗುಂಡಿನ ದೌರ್ಬಲ್ಯ ಬಯಲಾಯಿತು. ತಾಮ್ರದ ಬಟ್ಟಲಿಗೆ ಸೀಸ ಒತ್ತಿ ಮಾಡಿದ ಗುಂಡು ಹತ್ತಿರದಿಂದ ಎಲುಬಿಗೆ ಬಡಿದಾಗ ಹೊದಿಕೆ ಒಂದು ಕಡೆ, ಸೀಸ ಒಂದು ಕಡೆಯಾಗಿ ಚೂರಾಗುತ್ತಿತ್ತು. ಅಮೆರಿಕದ ಜಾನ್ ನಾಸ್ಲರ್ 1946ರಲ್ಲಿ ಕೆನಡದ ಬ್ರಿಟಿಷ್ ಕೊಲಂಬಿಯದಲ್ಲಿ .375ರ ತಮ್ಮನಾದ .300 ಎಚ್ ಅಂಡ್ ಎಚ್ ಹಿಡಿದು ಮೂಸ್ ಜಿಂಕೆಯ ಬೇಟೆಗೆ ಹೋಗಿದ್ದಾಗ, ಕೆಸರು ಮೆತ್ತಿದ ಪ್ರಾಣಿಯ ಮೈಯಲ್ಲಿ ಗುಂಡುಗಳು ಒಳಹೋಗದೆ ಒಡೆದವು. ಅವರು ರೂಪಿಸಿದ ಪರಿಹಾರ ಸರಳವಾದದ್ದು: ಗುಂಡಿನ ನಡುವೆ ತಾಮ್ರದ್ದೇ ಒಂದು ಅಡ್ಡಗೋಡೆ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗೋಡೆಯ ರಕ್ಷಣೆಯಲ್ಲಿ ಇಡಿಯಾಗಿ ಮುನ್ನುಗ್ಗುತ್ತದೆ. 1948ರಿಂದ ಮಾರಾಟವಾದ ಈ ‘ಪಾರ್ಟಿಷನ್’ ಗುಂಡಿನ ಆಲೋಚನೆ ಜರ್ಮನಿಯ ಆರ್‌ಡಬ್ಲ್ಯೂಎಸ್ ಕಂಪನಿಯ ಎಚ್-ಮಾಂಟೆಲ್ ಗುಂಡಿನಲ್ಲಿ ಎರಡನೆಯ ಮಹಾಯುದ್ಧಕ್ಕೂ ಮೊದಲೇ ಕಾಣಿಸಿತ್ತು. ಜನಪ್ರಿಯಗೊಳಿಸಿದ ಕೀರ್ತಿ ನಾಸ್ಲರರದು. ಬಳಿಕ ಸೀಸವನ್ನೂ ಹೊದಿಕೆಯನ್ನೂ ಕರಗಿಸಿ ಬೆಸೆಯುವ ವಿಧಾನ ಬಂತು. ಅಮೆರಿಕದ ಸ್ವಿಫ್ಟ್ ಎ-ಫ್ರೇಮ್ ಗುಂಡಿನಲ್ಲಿ ಅಡ್ಡಗೋಡೆಯೂ ಬೆಸುಗೆಯೂ ಎರಡೂ ಇವೆ, ಆಸ್ಟ್ರೇಲಿಯದ ವುಡ್ಲೀ ಕಂಪನಿ 300 ಗ್ರೇನಿನ ಜತೆಗೆ 350 ಗ್ರೇನಿನ (22.7 ಗ್ರಾಂ) ಬೆಸೆದ ಗುಂಡನ್ನೂ ಕೊಟ್ಟಿತು. 1989ರಲ್ಲಿ ಬಾರ್ನ್ಸ್ ಕಂಪನಿಯ ರ‍್ಯಾಂಡಿ ಬ್ರೂಕ್ಸ್ ಸೀಸವನ್ನೇ ಬಿಟ್ಟು ಇಡಿಯ ತಾಮ್ರದ ‘ಎಕ್ಸ್’ ಗುಂಡನ್ನು ತಂದರು. ಮೂತಿಯ ಕುಳಿ ಹೊಡೆತಕ್ಕೆ ನಾಲ್ಕು ದಳಗಳಾಗಿ ಬಿಚ್ಚಿಕೊಳ್ಳುತ್ತದೆ; ತೂಕ ಬಹುಪಾಲು ಉಳಿಯುತ್ತದೆ.

ಇದರ ಪರಿಣಾಮ ತೂಕದ ಹಳೆಯ ಲೆಕ್ಕದ ಮೇಲಾಯಿತು. ಹಿಂದೆ 300 ಗ್ರೇನ್ ಬೇಕೆನ್ನುತ್ತಿದ್ದದ್ದು ಅರ್ಧ ಸೀಸ ದಾರಿಯಲ್ಲೇ ಕಳೆದುಹೋಗುತ್ತಿದ್ದುದರಿಂದ. ತೂಕ ಕಳೆದುಕೊಳ್ಳದ 250 ಅಥವಾ 270 ಗ್ರೇನಿನ ತಾಮ್ರದ ಗುಂಡು ಹಳೆಯ 300 ಗ್ರೇನಿನ ಸೀಸದ ಗುಂಡಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಆಳಕ್ಕೆ ಇಳಿಯುತ್ತದೆ. ಸೀಸಕ್ಕಿಂತ ತಾಮ್ರ ಹಗುರವಾದ್ದರಿಂದ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿ ಕೋಶದಲ್ಲಿ ಮದ್ದಿನ ಜಾಗ ತಿನ್ನುತ್ತದೆ. ಹಾಗಾಗಿ ತಾಮ್ರ ಆರಿಸುವವರು ಒಂದು ಮೆಟ್ಟಿಲು ತೂಕ ಇಳಿಸುವುದು ವಾಡಿಕೆ.

ಮದ್ದಿನ ಕಥೆ ಬಿಸಿಲಿನಿಂದ ಆರಂಭವಾಗಿ ಬಿಸಿಲಿಗೇ ಮರಳುತ್ತದೆ. ಅಮೆರಿಕದವರು ಕಾರ್ಡೈಟ್ ಬಿಟ್ಟು ಸಣ್ಣ ಕೊಳವೆಯಾಕಾರದ ಹರಳುಗಳ ನೈಟ್ರೊಸೆಲ್ಯುಲೋಸ್ ಮದ್ದು ಬಳಸಿದರು. .375ರ ಕೋಶ ದೊಡ್ಡದಾದರೂ ನಳಿಗೆಯೂ ಅಗಲ. ಆದ್ದರಿಂದ ಮಧ್ಯಮದಿಂದ ತುಸು ನಿಧಾನವಾಗಿ ಉರಿಯುವ ಮದ್ದು ಇದಕ್ಕೆ ಒಗ್ಗುತ್ತದೆ. ಐಎಂಆರ್ 4064, 4350, ಆಮೇಲೆ ರಿಲೋಡರ್ 15 ಮನೆಯಲ್ಲೇ ತೋಟಾ ತುಂಬುವವರ ನೆಚ್ಚಿನವಾದವು. 4350 ಕೋಶವನ್ನು ಬಹುತೇಕ ಭರ್ತಿ ಮಾಡುವುದರಿಂದ ಪ್ರತಿ ಈಡಿನ ವೇಗವೂ ಸಮನಾಗಿರುತ್ತದೆ. ಆಸ್ಟ್ರೇಲಿಯದಲ್ಲಿ ತಯಾರಾಗಿ ಹಾಜ್‌ಡನ್ ಹೆಸರಿನಲ್ಲಿ ಮಾರಾಟವಾಗುವ ವಾರ್ಗೆಟ್, ಎಚ್ 4350 ಮದ್ದುಗಳು ಚಳಿ, ಸೆಕೆ ಎರಡರಲ್ಲೂ ಒತ್ತಡವನ್ನು ಹೆಚ್ಚು ಏರಿಳಿಸುವುದಿಲ್ಲ. ಕಾರ್ಡೈಟಿನ ಕಾಲದ ಸಮಸ್ಯೆಗೆ ಇದೇ ನಿಜವಾದ ಉತ್ತರ. ಇಂದು ಯುರೋಪಿನ ಸಿಐಪಿ ಮಾನದಂಡ ಈ ತೋಟಾಕ್ಕೆ 4300 ಬಾರ್ ಗರಿಷ್ಠ ಒತ್ತಡ ಒಪ್ಪುತ್ತದೆ. ಮದ್ದಿನ ತೂಕವನ್ನು ತಯಾರಕರ ಇತ್ತೀಚಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಮೇಲಿನ ಮಿತಿಯಿಂದ ಶುರುಮಾಡುವುದು ಅಪಾಯ.

ತೋಟಾ ತುಂಬುವವರಿಗೆ ಕೋಶದ ಬುಡದ ಪಟ್ಟಿಯೇ ಒಂದು ಉರುಳು. ಬಳಸಿದ ಕೋಶವನ್ನು ಅಚ್ಚಿನಲ್ಲಿ ಅತಿಯಾಗಿ ಒತ್ತಿ ಹೆಗಲನ್ನು ಹಿಂದಕ್ಕೆ ತಳ್ಳಿದರೆ, ಮುಂದಿನ ಈಡಿನಲ್ಲಿ ಹಿತ್ತಾಳೆಯು ಪಟ್ಟಿಯ ಮುಂದೆ ಹಿಗ್ಗುತ್ತದೆ. ಹೀಗೆ ಕೆಲವು ಬಾರಿ ಹಿಗ್ಗಿದ ಕೋಶ ಅಲ್ಲಿಯೇ ಎರಡಾಗುತ್ತದೆ. ಅನುಭವಿಗಳು ಕೋಶ ಹೆಗಲಿನ ಮೇಲೆ ನಿಲ್ಲುವಷ್ಟು ಮಾತ್ರ ಅಚ್ಚೊತ್ತಿ ಪಟ್ಟಿಯನ್ನು ಹೆಚ್ಚುಕಡಿಮೆ ಮರೆತುಬಿಡುತ್ತಾರೆ. ಇನ್ನೊಂದು ಮುಖ್ಯ ವಿಷಯ: ಸಾಮಾನ್ಯ ಬೇಟೆ ತೋಟಾ .30-06ರ ಸುಮಾರು ಎರಡರಷ್ಟಿರುವ ಹಿನ್ನೊದೆತಕ್ಕೆ ಮ್ಯಾಗಜೀನಿನಲ್ಲಿರುವ ಗುಂಡುಗಳ ಮೂತಿ ಮುಂಗೋಡೆಗೆ ಬಡಿದು ಅವು ಕೋಶದೊಳಕ್ಕೆ ಸರಿಯುತ್ತವೆ. ಕೋಶದ ಬಾಯಿಯನ್ನು ಗುಂಡಿನ ಗೀರಿಗೆ ಬಿಗಿಯಾಗಿ ಮಡಿಚದೆ ಅಪಾಯಕಾರಿ ಪ್ರಾಣಿಯೆದುರು ಹೋಗಬಾರದು.

ಆಫ್ರಿಕದಲ್ಲಿ ಈ ತೋಟಾದ ಕೀರ್ತಿಗೆ ಬರಹದ ಬಲ ಕೊಟ್ಟವರಲ್ಲಿ ಜಾನ್ ಟೇಲರ್ ಮುಖ್ಯ. 1948ರಲ್ಲಿ ಬಂದ ಆಫ್ರಿಕದ ರೈಫಲುಗಳ ಮೇಲಿನ ಅವರ ಪುಸ್ತಕ .375 ಮ್ಯಾಗ್ನಮನ್ನು ಎಲ್ಲ ಕೆಲಸಕ್ಕೂ ಒದಗುವ ಆಯುಧವೆಂದು ಹೊಗಳಿತು. ಮುಂದೆ ಆಫ್ರಿಕದ ಹಲವು ದೇಶಗಳ ಕಾನೂನುಗಳಲ್ಲಿ ದೊಡ್ಡ ಅಪಾಯಕಾರಿ ಪ್ರಾಣಿಗಳಿಗೆ ಇದೇ ಕನಿಷ್ಠ ಅಳತೆ ಎನಿಸಿತು. ನಮೀಬಿಯ ಆನೆ, ಕಾಡೆಮ್ಮೆಗಳಿಗೆ ನಳಿಗೆಯ ಬಾಯಲ್ಲಿ 5400 ಜೂಲ್ ಶಕ್ತಿ ಕೇಳುತ್ತದೆ. 300 ಗ್ರೇನಿನ ಪೂರ್ಣ ಈಡು ಸೆಕೆಂಡಿಗೆ 771 ಮೀಟರ್ ವೇಗದಲ್ಲಿ ಸುಮಾರು 5780 ಜೂಲ್ ಕೊಡುತ್ತದೆ. ಮಿಕ್ಕುವ ಶಕ್ತಿ ಸ್ವಲ್ಪವೇ. ಗಿಡ್ಡ ನಳಿಗೆ, ಮಂದ ಮದ್ದು ಸೇರಿದರೆ ಅದೂ ಉಳಿಯದು.

ಭಾರತದಲ್ಲಿ 1970ರಲ್ಲಿ ಹುಲಿ ಬೇಟೆ ನಿಂತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯ ಯುಗಕ್ಕೆ ತೆರೆ ಎಳೆಯಿತು. ಕೆನ್ಯ 1977ರಲ್ಲಿ ಬೇಟೆ ನಿಷೇಧಿಸಿತು. ಬೇಟೆ ಕಾನೂನುಬದ್ಧವಾಗಿರುವ ಕಡೆ ಈಗಿನ ಚರ್ಚೆ ಸೀಸದ ಸುತ್ತ. ಬಿಟ್ಟುಹೋದ ಮಾಂಸದಲ್ಲಿನ ಸೀಸದ ಚೂರು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದ ಕ್ಯಾಲಿಫೋರ್ನಿಯದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ತಾಮ್ರದ ಗುಂಡಿನ ಪರವಾಗಿ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಇಂದಿನ ಆಯ್ಕೆಯನ್ನು ಹೀಗೆ ಹೇಳಬಹುದು. ಬಯಲಿನ ಜಿಂಕೆಗಳಿಗೆ 235ರಿಂದ 270 ಗ್ರೇನಿನ ತಾಮ್ರದ ಗುಂಡು. ಕರಡಿ, ಸಿಂಹಗಳಿಗೆ 270 ಅಥವಾ 300ರ ಬೆಸೆದ ಗುಂಡು. ಕಾಡೆಮ್ಮೆಗೆ ಮೊದಲ ಈಡು ಬೆಸೆದ 300, ಅದರ ಹಿಂದೆ ಮ್ಯಾಗಜೀನಿನಲ್ಲಿ ಘನಗುಂಡು. ಆನೆಗೆ ಘನಗುಂಡು ಮಾತ್ರ. ಒಂದೇ ಬಗೆಯ ಮೃದುಗುಂಡು ಇಟ್ಟುಕೊಳ್ಳಬೇಕೆನ್ನುವವನಿಗೆ 1912ರ ತೂಕವೇ ಇನ್ನೂ ಸರಿ: ಇಂದಿನ ರಚನೆಯ 300 ಗ್ರೇನ್, ಮಿತವಾದ ವೇಗದಲ್ಲಿ.