‘ಇವತ್ತು ಬೇಡ’ ಎನ್ನುವವರು ಯಾರು? ಹೈದರಾಬಾದಿನ ಕ್ರೀಡಾ ಆರೋಗ್ಯ ನಡೆದು ಬಂದ ದಾರಿ

1962ರ ಸೆಪ್ಟೆಂಬರ್ 4. ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಫೈನಲ್, ಭಾರತದ ಎದುರಾಳಿ ದಕ್ಷಿಣ ಕೊರಿಯಾ. ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಯಲ್ಲಿ ಹಿಂದಿನ ಪಂದ್ಯವೊಂದರ ಹೊಲಿಗೆಗಳಿದ್ದವು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಆಗಷ್ಟೇ ಎದ್ದಿದ್ದರು. ಹೈದರಾಬಾದಿನ ಕೋಚ್ ಸೈಯದ್ ಅಬ್ದುಲ್ ರಹೀಂ ಅವರ ದೇಹದಲ್ಲಿ ಕ್ಯಾನ್ಸರ್ ಇತ್ತು. ರಹೀಂ ಜರ್ನೈಲ್‌ರನ್ನು ಹಿಂದಿನ ಸಾಲಿನಿಂದ ಎತ್ತಿ ಮುಂದಿನ ಸಾಲಿಗೆ ಹಾಕಿದರು. ಜರ್ನೈಲ್ ಗೋಲು ಹೊಡೆದರು, ಭಾರತ 2-1ರಿಂದ ಗೆದ್ದಿತು. ಮುಂದಿನ ವರ್ಷ ಜೂನ್‌ನಲ್ಲಿ ರಹೀಂ ತೀರಿಕೊಂಡರು.

ಈ ಕಥೆಯನ್ನು ನಾವು ಧೈರ್ಯದ ಕಥೆಯಾಗಿ ಹೇಳುತ್ತ ಬಂದಿದ್ದೇವೆ. ಅದು ಧೈರ್ಯವೇ, ಅನುಮಾನವಿಲ್ಲ. ಆದರೆ ಹೈದರಾಬಾದಿನಲ್ಲಿ ಆಟಗಾರರ ದೇಹವನ್ನು ಯಾರು ನೋಡಿಕೊಂಡರು, ಹೇಗೆ ನೋಡಿಕೊಂಡರು ಎಂಬ ಚರಿತ್ರೆಯನ್ನು ಬರೆಯುವಾಗ ಅದೇ ಕಥೆ ಬೇರೆ ಪ್ರಶ್ನೆಯನ್ನು ಎತ್ತುತ್ತದೆ. ತಲೆಗೆ ಪೆಟ್ಟು ಬಿದ್ದವನು ಆಡಬಹುದೇ ಎಂದು ತೀರ್ಮಾನಿಸಬೇಕಾದವರು ಯಾರು? ಇಂದಿನ ನಿಯಮಗಳ ಪ್ರಕಾರ ಅಂಥ ಆಟಗಾರನನ್ನು ಮೊದಲು ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಅಂದು ಕೋಚ್‌ನ ಮಾತೇ ಕೊನೆಯ ಮಾತು. ರಹೀಂ ಮೂಲತಃ ಶಾಲಾ ಮೇಷ್ಟ್ರು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ರೋವರ್ಸ್ ಕಪ್ ಗೆದ್ದದ್ದು ಅವರ ಕೈಯಲ್ಲಿ. ಹುಡುಗರ ಕಾಲಿನ ಬಲ, ಮನಸ್ಸಿನ ಅಂಜಿಕೆ ಎರಡನ್ನೂ ಅಳೆಯುತ್ತಿದ್ದವರು ಅವರೊಬ್ಬರೇ.

ಈ ‘ಒಬ್ಬರೇ’ ಎಂಬ ಪದ್ಧತಿಗೆ ಬೇರು ಇನ್ನೂ ಆಳದಲ್ಲಿದೆ. ನಮ್ಮ ಗರಡಿಮನೆಯ ವಸ್ತಾದರೂ ಹಾಗೆಯೇ ಇದ್ದರು. ಪಟ್ಟು ಕಲಿಸುವುದು, ಎಣ್ಣೆ ತಿಕ್ಕುವುದು, ಉಳುಕು ತೆಗೆಯುವುದು, ಎಷ್ಟು ಹಾಲು ಎಷ್ಟು ಬಾದಾಮಿ ಎಂದು ಹೇಳುವುದು, ಕಣ್ಣು ತಪ್ಪಿಸಿ ಸಿನಿಮಾಕ್ಕೆ ಹೋದವನನ್ನು ಹಿಡಿಯುವುದು, ಎಲ್ಲವೂ ಅವರ ಕೆಲಸ. ಹೈದರಾಬಾದಿನ ಹಳೆಯ ಪಟ್ಟಣದ ತಾಲೀಮುಗಳಲ್ಲಿ, ಬಾರ್ಕಸ್ ಬಡಾವಣೆಯ ಪೈಲ್ವಾನರ ನಡುವೆಯೂ ಇದೇ ರೂಢಿ. ಮೂಳೆ ಮುರಿದರೆ ಪುತ್ತೂರು ಕಟ್ಟು ಇತ್ತು. ಚಿತ್ತೂರು ಸೀಮೆಯ ಆ ಕಟ್ಟಿನ ಹೆಸರು ಬೆಂಗಳೂರಿಗೂ ಹೊಸದಲ್ಲ, ಹೈದರಾಬಾದಿಗೂ ಹೊಸದಲ್ಲ. ಈ ಪದ್ಧತಿಯ ವೈದ್ಯಕೀಯ ಮಿತಿಗಳು ದೊಡ್ಡವು. ಹರಿದ ಲಿಗಮೆಂಟನ್ನು ಎಣ್ಣೆ ಕೂಡಿಸಲಾರದು. ಆದರೂ ಒಂದು ಗುಣವನ್ನು ಮರೆಯಬಾರದು: ನಿನ್ನೆ ರಾತ್ರಿ ಹುಡುಗ ಎಷ್ಟು ಹೊತ್ತು ನಿದ್ದೆ ಮಾಡಿದ ಎಂಬುದು ವಸ್ತಾದರಿಗೆ ಗೊತ್ತಿರುತ್ತಿತ್ತು. ಮುಂದೆ ಬಂದ ತಜ್ಞರಿಗೆ ಎಷ್ಟೋ ಸಲ ಗೊತ್ತಿರದೇ ಹೋದದ್ದು ಅದೇ.

ತಜ್ಞಜ್ಞಾನ ಹೈದರಾಬಾದಿಗೆ ಬಂದದ್ದು ಆಟದ ಮೈದಾನದ ಮೂಲಕ ಅಲ್ಲ, ಅಡುಗೆಮನೆಯ ಮೂಲಕ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ಅಧ್ಯಯನಕ್ಕೆಂದು ಶುರು ಮಾಡಿದ ಸಣ್ಣ ಘಟಕ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಯಿತು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂಬ ಹೆಸರು ಪಡೆಯಿತು. ಹಸಿವು, ಅಪೌಷ್ಟಿಕತೆಗಳೇ ಅದರ ಮುಖ್ಯ ಕಾಳಜಿ. ಆದರೂ 1980ರ ದಶಕದ ನಡುವಿನಲ್ಲಿ ಈ ಸಂಸ್ಥೆ ಭಾರತೀಯ ಕ್ರೀಡಾಪಟುಗಳಿಗೆ ಎಷ್ಟು ಆಹಾರ ಬೇಕು ಎಂಬ ಶಿಫಾರಸುಗಳನ್ನು ಪ್ರಕಟಿಸಿತು. 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ 528 ಆಹಾರಗಳ ವಿಶ್ಲೇಷಣೆ ಇದೆ. ಜೋಳ, ರಾಗಿ, ನುಗ್ಗೆಸೊಪ್ಪು, ಬೇಳೆಗಳ ಪೋಷಕಾಂಶಗಳನ್ನು ನಮ್ಮದೇ ಮಾದರಿಗಳಿಂದ ಅಳೆದು ಕೊಟ್ಟಿದ್ದಾರೆ. ಕ್ರೀಡಾಪಟುವಿನ ಊಟದ ಪಟ್ಟಿ ಬರೆಯುವವರಿಗೆ ಇದಕ್ಕಿಂತ ದೊಡ್ಡ ನೆರವು ಯಾವುದು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಓಟದ ಹುಡುಗಿ ಬೇಗ ಸುಸ್ತಾಗುತ್ತಾಳೆ ಎಂದರೆ ಆಕೆಗೆ ಛಲ ಕಡಿಮೆ ಎಂದು ಬಯ್ಯುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕಾದ ದೇಶ ನಮ್ಮದು.

ಹೊರಗಿನ ಜಗತ್ತು ಆಗಲೇ ಬೇರೆ ದಾರಿ ಹಿಡಿದಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಒಂದೂ ಚಿನ್ನ ಸಿಗದ ಆಸ್ಟ್ರೇಲಿಯಾ 1981ರಲ್ಲಿ ತನ್ನ ಕ್ರೀಡಾ ಸಂಸ್ಥೆಯನ್ನು ಕಟ್ಟಿ, ಕೋಚ್‌ಗಳನ್ನೂ ವೈದ್ಯರನ್ನೂ ಶರೀರವಿಜ್ಞಾನಿಗಳನ್ನೂ ಒಂದೇ ಆವರಣಕ್ಕೆ ತಂದಿತು. ನಮ್ಮಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದಲೂ ಇತ್ತು, ಆದರೆ ಅದರ ಒತ್ತು ಕೋಚ್‌ಗಳನ್ನು ತಯಾರಿಸುವುದರ ಮೇಲೆ. ಕ್ರಿಕೆಟ್‌ನಂಥ ಶ್ರೀಮಂತ ಆಟಕ್ಕೂ ಆಂಡ್ರ್ಯೂ ಲೀಪಸ್ ಎಂಬ ಪೂರ್ಣಾವಧಿಯ ವಿದೇಶಿ ಫಿಸಿಯೊ ಬಂದದ್ದು 1999ರಲ್ಲಿ.

ಹೈದರಾಬಾದಿನ ದಿಕ್ಕು ಬದಲಾಯಿಸಿದ್ದು ಒಂದು ಮೊಣಕಾಲು. 1994ರಲ್ಲಿ ಪುಣೆಯ ರಾಷ್ಟ್ರೀಯ ಕ್ರೀಡಾಕೂಟದ ಬ್ಯಾಡ್ಮಿಂಟನ್ ಡಬಲ್ಸ್ ಆಟದಲ್ಲಿ ಜೊತೆಗಾರನಿಗೆ ಡಿಕ್ಕಿಯಾಗಿ ಪುಲ್ಲೇಲ ಗೋಪಿಚಂದ್ ಅವರ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮುಂದಿನ ವರ್ಷಗಳು ಶಸ್ತ್ರಚಿಕಿತ್ಸೆ, ಮತ್ತೆ ಶಸ್ತ್ರಚಿಕಿತ್ಸೆ ಎಂದು ಕಳೆದವು. ಹೈದರಾಬಾದಿನಲ್ಲಿ ಎಸ್.ಎಂ. ಆರಿಫ್ ಅವರ ಬಳಿ ಆಟ ಕಲಿತ ಈ ಹುಡುಗ ಮುಂದೆ ಬಂದು ನಿಂತದ್ದು ಬೆಂಗಳೂರಿನಲ್ಲಿ, ಮೊದಲು ಪ್ರಕಾಶ್ ಪಡುಕೋಣೆಯವರ ಅಕಾಡೆಮಿ, ಆಮೇಲೆ ಗಂಗೂಲಿ ಪ್ರಸಾದ್ ಅವರ ಕೈಕೆಳಗೆ. ಕನ್ನಡ ನಾಡಿಗೆ ಈ ಚರಿತ್ರೆಯಲ್ಲಿ ಪಾಲಿರುವುದು ಇಲ್ಲಿ. 2001ರ ಮಾರ್ಚ್ 11ರಂದು ಚೀನಾದ ಚೆನ್ ಹಾಂಗ್ ಅವರನ್ನು ಸೋಲಿಸಿ ಗೋಪಿಚಂದ್ ಆಲ್ ಇಂಗ್ಲೆಂಡ್ ಗೆದ್ದರು. 1980ರ ಪ್ರಕಾಶ್ ನಂತರ ಆ ಪ್ರಶಸ್ತಿ ಪಡೆದ ಭಾರತೀಯ ಅವರೊಬ್ಬರೇ.

ಸ್ವಂತ ಕಾಲಿನಲ್ಲಿ ನೋವು ಕಂಡವನು ಕಟ್ಟುವ ಅಕಾಡೆಮಿ ಬೇರೆ ಬಗೆಯದಾಗಿರುತ್ತದೆ. ಅಂದಿನ ಆಂಧ್ರ ಸರ್ಕಾರ ಗಚ್ಚಿಬೌಲಿಯಲ್ಲಿ ಐದು ಎಕರೆ ಗುತ್ತಿಗೆಗೆ ಕೊಟ್ಟಿತು. ಉದ್ಯಮಿ ನಿಮ್ಮಗಡ್ಡ ಪ್ರಸಾದ್ ಐದು ಕೋಟಿ ರೂಪಾಯಿ ಕೊಟ್ಟರು. ಉಳಿದದ್ದಕ್ಕೆ ಗೋಪಿಚಂದ್ ಮನೆಯನ್ನೇ ಅಡ ಇಟ್ಟರು. 2008ರಲ್ಲಿ ಬಾಗಿಲು ತೆರೆದ ಆ ಕಟ್ಟಡದಲ್ಲಿ ಅಂಕಣಗಳ ಜೊತೆಗೇ ಜಿಮ್, ಈಜುಕೊಳ, ಫಿಸಿಯೊ ಕೊಠಡಿ, ಊಟದ ಮನೆ ಒಂದೇ ಆವರಣದಲ್ಲಿದ್ದವು. ಇದರ ಪ್ರಯೋಜನವನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ಬೆಳಗಿನ ಅಭ್ಯಾಸದಲ್ಲಿ ಹಿಮ್ಮಡಿ ಹಿಡಿದುಕೊಂಡವಳನ್ನು ಫಿಸಿಯೊ ಹತ್ತು ನಿಮಿಷದಲ್ಲಿ ನೋಡಬಹುದು, ಸಂಜೆಯ ಅಭ್ಯಾಸವನ್ನು ಕೋಚ್ ಅಲ್ಲಿಯೇ ಬದಲಾಯಿಸಬಹುದು. ಬ್ಯಾಡ್ಮಿಂಟನ್‌ನಲ್ಲಿ ಮುಂಗಾಲು ಚಾಚಿ ಧುಮುಕುವ ಪ್ರತಿ ಹೆಜ್ಜೆಯ ಭಾರ ಮೊಣಕಾಲಿನ ಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ ಬೀಳುತ್ತದೆ, ಹಾರಿ ಇಳಿಯುವ ಹೊಡೆತ ಪಾದದ ಸಣ್ಣ ಮೂಳೆಗಳ ಮೇಲೆ. ಈ ಗಾಯಗಳು ಒಂದೇ ದಿನದಲ್ಲಿ ಆಗುವುದಿಲ್ಲ, ವಾರಗಟ್ಟಲೆ ಸೇರುತ್ತ ಹೋಗುತ್ತವೆ. ಆದ್ದರಿಂದ ದಿನವೂ ನೋಡುವ ಕಣ್ಣು ಬೇಕು.

ಅಲ್ಲಿ ಬೆಳೆದವರ ಆರೋಗ್ಯದ ಕಥೆಗಳನ್ನು ಓದಿದರೆ ಅವು ಪದಕಗಳ ಪಟ್ಟಿಗಿಂತ ಹೆಚ್ಚು ಹೇಳುತ್ತವೆ. ಪಾರುಪಳ್ಳಿ ಕಶ್ಯಪ್‌ಗೆ ಹದಿಹರೆಯದಲ್ಲಿಯೇ ಅಸ್ತಮಾ ಪತ್ತೆಯಾಗಿತ್ತು. ಅಸ್ತಮಾದ ಕೆಲವು ಔಷಧಗಳಿಗೆ ಉದ್ದೀಪನ ಮದ್ದು ತಡೆ ನಿಯಮಗಳಲ್ಲಿ ಪ್ರಮಾಣದ ಮಿತಿ ಇದೆ, ಕೆಲವಕ್ಕೆ ಮುಂಗಡ ಅನುಮತಿ ಬೇಕು. ಬಡಾವಣೆಯ ವೈದ್ಯರು ಒಳ್ಳೆಯ ಮನಸ್ಸಿನಿಂದ ಬರೆದ ಚೀಟಿಯೇ ಆಟಗಾರನ ಎರಡು ನಾಲ್ಕು ವರ್ಷ ನುಂಗಬಲ್ಲದು. ಇಂಥ ಮುಳ್ಳುಬೇಲಿಯ ನಡುವೆ ಶ್ವಾಸ ಉಳಿಸಿಕೊಂಡು ಕಶ್ಯಪ್ 2014ರಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದರು. ಪುರುಷರ ಸಿಂಗಲ್ಸ್‌ನಲ್ಲಿ ಅದಕ್ಕೆ ಮುಂಚೆ ಗೆದ್ದ ಭಾರತೀಯರು 1978ರಲ್ಲಿ ಪ್ರಕಾಶ್, 1982ರಲ್ಲಿ ಸೈಯದ್ ಮೋದಿ. ಅದೇ 2014ರ ಜುಲೈನಲ್ಲಿ ಕಿಡಂಬಿ ಶ್ರೀಕಾಂತ್ ಅಕಾಡೆಮಿಯ ಸ್ನಾನದ ಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಮೆದುಳು ಜ್ವರ, ತೀವ್ರ ನಿಗಾ ಘಟಕ. ನವೆಂಬರ್‌ನಲ್ಲಿ ಅವರು ಚೀನಾ ಓಪನ್ ಫೈನಲ್‌ನಲ್ಲಿ ಲಿನ್ ಡಾನ್ ಅವರನ್ನೇ ಸೋಲಿಸಿದರು. ಆ ನಾಲ್ಕು ತಿಂಗಳಲ್ಲಿ ಎಷ್ಟು ಓಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ಲೆಕ್ಕ ಹಾಕಿದವರ ಹೆಸರು ಯಾವ ಟ್ರೋಫಿಯ ಮೇಲೂ ಇಲ್ಲ.

ಪಿ.ವಿ. ಸಿಂಧು ಅವರ ವೃತ್ತಿಜೀವನದಲ್ಲಿ ಈ ಕ್ಷೇತ್ರದ ಎರಡು ಹಂತಗಳೂ ಕಾಣುತ್ತವೆ. 2015ರಲ್ಲಿ ಪಾದದ ಮೂಳೆಯಲ್ಲಿ ಸ್ಟ್ರೆಸ್ ಫ್ರಾಕ್ಚರ್ ಆಗಿ ತಿಂಗಳುಗಟ್ಟಲೆ ಹೊರಗುಳಿದ ಅವರು ಮರುವರ್ಷ ರಿಯೊದಲ್ಲಿ ಬೆಳ್ಳಿ ಗೆದ್ದರು. ಆ ಬೆಳ್ಳಿಯ ಹಿಂದೆ ಫಿಸಿಯೊ ಇದ್ದರು, ಟ್ರೇನರ್ ಇದ್ದರು. ಆದರೆ ಫೋನನ್ನು ಮೂರು ತಿಂಗಳು ಕಸಿದುಕೊಂಡದ್ದು, ಸಿಹಿ ಮೊಸರು, ಐಸ್‌ಕ್ರೀಂ ಬೇಡವೆಂದದ್ದು ಕೋಚ್ ಗೋಪಿಚಂದ್. ನಿದ್ದೆಯ ತಜ್ಞ, ಆಹಾರ ತಜ್ಞ, ಮನಸ್ಸಿನ ತಜ್ಞ ಮೂವರೂ ಒಬ್ಬ ಗುರುವಿನಲ್ಲಿ. ಅಲ್ಲಿ ಗರಡಿಯ ವಸ್ತಾದರು ಇನ್ನೂ ಇದ್ದರು.

ಎರಡನೆಯ ಹಂತದಲ್ಲಿ ತಂಡ ಅಕಾಡೆಮಿಯದಾಗಿ ಉಳಿಯಲಿಲ್ಲ, ಆಟಗಾರ್ತಿಯದಾಯಿತು. ಸಿಂಧು ಹೈದರಾಬಾದಿನ ಸುಚಿತ್ರಾ ಅಕಾಡೆಮಿಯಲ್ಲಿ ಟ್ರೇನರ್ ಶ್ರೀಕಾಂತ್ ವರ್ಮಾ ಅವರೊಂದಿಗೆ ದೇಹಬಲ ಕಟ್ಟಿಕೊಂಡರು. 2019ರಲ್ಲಿ ಬಾಸೆಲ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಜಪಾನಿನ ಒಕುಹಾರಾ ಅವರನ್ನು 21-7, 21-7ರಿಂದ ಮಣಿಸಿದಾಗ ಆ ಬಲ ಎದ್ದು ಕಂಡಿತು. 2020ರಲ್ಲಿ ಪೋಷಣೆ ಮತ್ತು ಚೇತರಿಕೆಯ ಕೆಲಸಕ್ಕೆಂದೇ ಇಂಗ್ಲೆಂಡಿಗೆ ಹೋದರು. ಕೊರಿಯಾದ ಪಾರ್ಕ್ ಟೇ-ಸಾಂಗ್ ಕೋಚ್ ಆದರು, ಟೋಕಿಯೊದಲ್ಲಿ ಕಂಚು ಬಂತು. 2014ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಟಾಪ್ಸ್ ಯೋಜನೆ, ಪ್ರಕಾಶ್ ಪಡುಕೋಣೆ ಮತ್ತು ಗೀತ್ ಸೇಥಿ 2001ರಲ್ಲಿ ಸ್ಥಾಪಿಸಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಇಂಥ ಸ್ವಂತ ತಂಡಗಳಿಗೆ ಹಣದ ದಾರಿ ಮಾಡಿದವು.

ಇಲ್ಲಿಯೇ ನನ್ನ ಮುಖ್ಯ ಆತಂಕವೂ ಇದೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ ಕ್ವಾರ್ಟರ್ ಫೈನಲ್‌ನಲ್ಲಿ ಸಿಂಧು ಅವರ ಎಡಗಾಲಿಗೆ ಪೆಟ್ಟಾಯಿತು. ಅವರು ಸೆಮಿಫೈನಲ್ ಆಡಿದರು, ಫೈನಲ್ ಆಡಿ ಚಿನ್ನ ಗೆದ್ದರು. ಆಮೇಲೆ ತಿಳಿದದ್ದು ಸ್ಟ್ರೆಸ್ ಫ್ರಾಕ್ಚರ್. ವಿಶ್ವ ಚಾಂಪಿಯನ್‌ಷಿಪ್ ತಪ್ಪಿತು, ಮತ್ತೆ ಅಂಕಣಕ್ಕೆ ಇಳಿದದ್ದು 2023ರ ಜನವರಿಯಲ್ಲಿ. ಚಿನ್ನದ ಹೊಸ್ತಿಲಲ್ಲಿ ನಿಂತ ಆಟಗಾರ್ತಿಗೆ ಆಡುವ ಹಕ್ಕು ಇದೆ, ಆ ತೀರ್ಮಾನ ತಪ್ಪು ಎಂದು ಹೊರಗಿನಿಂದ ಹೇಳಲು ಯಾರಿಗೂ ಅಧಿಕಾರವಿಲ್ಲ. ಆದರೆ ಫಿಸಿಯೊ ಆಟಗಾರರ ಸ್ವಂತ ತಂಡದ ನೌಕರಿಯಲ್ಲಿ ಇರುವ ವ್ಯವಸ್ಥೆಯಲ್ಲಿ, ಪದಕ ಬಂದರೆ ಮಾತ್ರ ಎಲ್ಲರ ಗುತ್ತಿಗೆ ಮುಂದುವರಿಯುವ ವ್ಯವಸ್ಥೆಯಲ್ಲಿ, ‘ಇವತ್ತು ಬೇಡ’ ಎಂಬ ಮಾತು ಗಂಟಲಿನಿಂದ ಹೊರಡುವುದು ಎಷ್ಟು ಕಷ್ಟ! ಹಿಂದೆ ಆ ಮಾತನ್ನು ತಡೆಯುತ್ತಿದ್ದದ್ದು ಗುರುವಿನ ಅಧಿಕಾರ, ಈಗ ಸಂಬಳದ ಅವಲಂಬನೆ. ತಜ್ಞರ ಸಂಖ್ಯೆ ಹೆಚ್ಚಿದೆ, ಅವರ ಮಾತಿನ ತೂಕ ಅಷ್ಟೇ ಹೆಚ್ಚಿದೆಯೇ?

ಈ ತೂಕಕ್ಕೆ ಅಳತೆಯೂ ಉಂಟು. ಸ್ವೀಡನ್ನಿನ ಯಾನ್ ಏಕ್‌ಸ್ಟ್ರಾಂಡ್ ಮತ್ತು ಸಂಗಡಿಗರು ಯುರೋಪಿನ 36 ಉನ್ನತ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಮುಖ್ಯ ಕೋಚ್ ಮತ್ತು ವೈದ್ಯಕೀಯ ತಂಡದ ನಡುವಿನ ಸಂವಾದವನ್ನು ಗಾಯಗಳ ಲೆಕ್ಕದೊಂದಿಗೆ ಇಟ್ಟು ನೋಡಿದರು. ಸಂವಾದ ಕೆಟ್ಟಿದ್ದ ಕ್ಲಬ್‌ಗಳಲ್ಲಿ ಗಾಯದ ಹೊರೆಯೂ ಹೆಚ್ಚು, ತೀವ್ರ ಗಾಯಗಳೂ ಹೆಚ್ಚು. ಆ ಕ್ಲಬ್‌ಗಳ ಬಳಿ ಯಂತ್ರಗಳಿಗೇನೂ ಬರವಿರಲಿಲ್ಲ.

ಜವಾಬ್ದಾರಿ ಹಂಚಿಹೋದಾಗ ಏನಾಗುತ್ತದೆ ಎಂಬುದಕ್ಕೆ 2024ರ ಪ್ಯಾರಿಸ್ ಒಲಿಂಪಿಕ್ಸ್ ಸಾಕು. ಕುಸ್ತಿಯ 50 ಕೆ.ಜಿ. ವಿಭಾಗದ ಫೈನಲ್ ತಲುಪಿದ್ದ ವಿನೇಶ್ ಫೋಗಟ್ ಆಗಸ್ಟ್ 7ರ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು. ಹಿಂದಿನ ಸಂಜೆ 2.7 ಕೆ.ಜಿ. ಹೆಚ್ಚಿತ್ತು, ಇಡೀ ರಾತ್ರಿ ಇಳಿಸಿದ್ದರು. ಕೋಚ್, ಫಿಸಿಯೊ, ಆಹಾರ ತಜ್ಞ, ವೈದ್ಯ, ಎಲ್ಲರೂ ಊರಲ್ಲೇ ಇದ್ದರು. ಆಮೇಲೆ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆ ಪಿ.ಟಿ. ಉಷಾ, ತೂಕದ ಹೊಣೆ ಕ್ರೀಡಾಪಟು ಮತ್ತು ಕೋಚ್‌ನದು, ಸಂಸ್ಥೆಯ ವೈದ್ಯಕೀಯ ತಂಡದ್ದಲ್ಲ ಎಂದರು. ನಿಯಮದ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಹೊಣೆಯ ಗೆರೆ ಎಲ್ಲಿದೆ ಎಂಬ ಚರ್ಚೆ ಸೋಲಿನ ನಂತರ ನಡೆಯಿತು, ನಡೆಯಬೇಕಾದದ್ದು ವಿಮಾನ ಹತ್ತುವ ಮೊದಲು.

ಹೈದರಾಬಾದಿನ ಅನುಭವದಲ್ಲಿ ನನಗೆ ಹೆಚ್ಚು ಭರವಸೆ ಕೊಡುವುದು ಪ್ಯಾರಾ ಕ್ರೀಡಾಪಟುಗಳು. 2011ರ ಅಪಘಾತದಲ್ಲಿ ಎಡಗಾಲು ಕಳೆದುಕೊಂಡ ಮಾನಸಿ ಜೋಶಿ 2018ರಲ್ಲಿ ಗೋಪಿಚಂದ್ ಅಕಾಡೆಮಿಗೆ ಬಂದರು. ಅವರ ತರಬೇತಿಯಲ್ಲಿ ಕೃತಕ ಕಾಲಿನ ಸಾಕೆಟ್ಟು ರ‍್ಯಾಕೆಟ್ಟಿನಷ್ಟೇ ಮುಖ್ಯ. ಅದು ಸಡಿಲವಾದರೆ ಚರ್ಮ ಹುಣ್ಣಾಗುತ್ತದೆ, ಬಿಗಿಯಾದರೆ ರಕ್ತ ಕಟ್ಟುತ್ತದೆ, ತೂಕ ಇಳಿದರೆ ಸಾಕೆಟ್ಟೇ ಬದಲಾಗಬೇಕು. ಟ್ರೇನರ್ ಮತ್ತು ಕೃತಕ ಅಂಗದ ತಜ್ಞ ಮಾತಾಡದೇ ಹೋದರೆ ಇಲ್ಲಿ ಮರುದಿನವೇ ಗೊತ್ತಾಗುತ್ತದೆ. 2019ರಲ್ಲಿ ಬಾಸೆಲ್‌ನಲ್ಲಿ, ಸಿಂಧು ಗೆಲ್ಲುವುದಕ್ಕೆ ಒಂದು ದಿನ ಮೊದಲು, ಮಾನಸಿ ವಿಶ್ವ ಚಾಂಪಿಯನ್ ಆಗಿದ್ದರು.

ವರಂಗಲ್ ಕಡೆಯ ಕಲ್ಲೇಡ ಗ್ರಾಮದ ದೀಪ್ತಿ ಜೀವಂಜಿ ಇನ್ನೊಬ್ಬರು. ಓಟದ ಕೋಚ್ ಎನ್. ರಮೇಶ್ ಆಕೆಯನ್ನು ಹೈದರಾಬಾದಿಗೆ ಕರೆತಂದರು. ಆಕೆ ಸೂಚನೆಗಳನ್ನು ಗ್ರಹಿಸುವ ರೀತಿ ಬೇರೆ ಎಂದು ಕಂಡಾಗ ಸಿಕಂದರಾಬಾದಿನ ಬೌದ್ಧಿಕ ಅಂಗವಿಕಲತೆಯ ರಾಷ್ಟ್ರೀಯ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಲು ಸೂಚಿಸಿದವರು ಗೋಪಿಚಂದ್. ಪರೀಕ್ಷೆಯ ಫಲಿತಾಂಶ ಆಕೆಗೆ ಪ್ಯಾರಾ ಕ್ರೀಡೆಯ ದಾರಿ ತೆರೆಯಿತು. 2024ರ ಮೇನಲ್ಲಿ ಕೋಬೆಯ ವಿಶ್ವ ಪ್ಯಾರಾ ಕೂಟದಲ್ಲಿ 400 ಮೀಟರನ್ನು 55.07 ಸೆಕೆಂಡುಗಳಲ್ಲಿ ಓಡಿ ತನ್ನ ವಿಭಾಗದ ವಿಶ್ವದಾಖಲೆ, ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು. ಆ ಪರೀಕ್ಷಾ ಸೌಲಭ್ಯ ಸಿಕಂದರಾಬಾದಿನಲ್ಲಿ ಮೊದಲಿನಿಂದಲೂ ಇತ್ತು. ಕಲ್ಲೇಡದಂಥ ಊರಿನ ಹುಡುಗಿಯನ್ನು ಅಲ್ಲಿಗೆ ತಲುಪಿಸಿದ್ದು ಯಾವ ಯೋಜನೆಯೂ ಅಲ್ಲ, ಇಬ್ಬರು ಕೋಚ್‌ಗಳ ಪರಿಚಯ. ರಾಜ್ಯದ ಕ್ರೀಡಾ ಶಾಲೆಗಳಿಗೆ ಸೇರುವ ಪ್ರತಿ ಮಗುವಿಗೂ ಮೊದಲ ವಾರದಲ್ಲೇ ರಕ್ತ, ಮೂಳೆ, ಕಣ್ಣು, ಗ್ರಹಿಕೆಗಳ ಪರೀಕ್ಷೆ ಆಗಬೇಕು, ಮತ್ತು ಅದನ್ನು ಓದಿ ಕೋಚ್‌ಗೆ ತಿಳಿಸುವ, ಕೋಚ್‌ನ ಸಂಬಳಪಟ್ಟಿಗೆ ಸೇರದ ಒಬ್ಬ ವೈದ್ಯರು ಪ್ರತಿ ಜಿಲ್ಲೆಗೂ ಬೇಕು. ಕರ್ನಾಟಕದಲ್ಲೂ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ, ಬೆಂಗಳೂರಿನ ಕೇಂದ್ರಗಳು ಗಚ್ಚಿಬೌಲಿಯಷ್ಟೇ ಸುಸಜ್ಜಿತ. ರಾಯಚೂರು, ಬೀದರಿನ ಮೈದಾನಗಳಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಮಾತ್ರ ಇನ್ನೂ ಪುತ್ತೂರು ಕಟ್ಟಿನ ಬೋರ್ಡುಗಳೇ ಮೊದಲು ಸಿಗುತ್ತವೆ.