ಗರಿಕೆಯ ದೇಶಾಂತರ

ಲೂ ಬೀಸತೊಡಗಿದ ಒಂದೆರಡು ವಾರಗಳಲ್ಲಿ ದೆಹಲಿಯ ಸರ್ಕಾರಿ ವಸತಿಗೃಹಗಳ ಮುಂದಿನ ಹುಲ್ಲೆಲ್ಲ ಹಳೆಯ ಗೋಣಿಚೀಲದ ಬಣ್ಣಕ್ಕೆ ತಿರುಗುತ್ತದೆ. ಅದೇ ದಿನಗಳಲ್ಲಿ ಹಳೆಯ ಗೋರಿಗಳ ನಡುವೆ ಹರಡಿಕೊಂಡಿರುವ ದೆಹಲಿ ಗಾಲ್ಫ್ ಕ್ಲಬ್ಬಿನ ಅಂಗಳ ಮಾತ್ರ ಹಸಿರಾಗಿ ಉಳಿದಿರುತ್ತದೆ. ಈ ವ್ಯತ್ಯಾಸಕ್ಕೆ ಹಣ, ನೀರು, ಆಳುಗಳೇ ಕಾರಣವೆಂದು ಹೇಳಿ ಮುಂದೆ ಸಾಗಬಹುದು. ಅದು ಸುಳ್ಳೂ ಅಲ್ಲ. ಆದರೆ ಗಾಲ್ಫ್ ಕೋಲನ್ನು ಎಂದೂ ಹಿಡಿಯದ ನಮ್ಮಂಥವರಿಗೂ ಆ ಹಸಿರಿನ ಹಿಂದಿರುವ ಚರಿತ್ರೆ ಕುತೂಹಲಕರವಾಗಿ ಕಾಣುತ್ತದೆ. ಏಕೆಂದರೆ ಅದರ ನಾಯಕ ನಮ್ಮ ಗಣಪತಿಯ ತಲೆಯ ಮೇಲೆ ಕೂರುವ ಗರಿಕೆ.

ಗಾಲ್ಫ್ ತಂಪು ನಾಡಿನ ಆಟ. ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳ ಮೇಲೆ ತಾನಾಗಿ ಬೆಳೆದ ಸಣ್ಣೆಲೆಯ ಹುಲ್ಲನ್ನು ಕುರಿಗಳೂ ಮೊಲಗಳೂ ಮೇಯ್ದು ನುಣ್ಣಗಿಡುತ್ತಿದ್ದವು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಬಟ್ಟೆಯ ಗಿರಣಿಯಲ್ಲಿ ಉಣ್ಣೆಬಟ್ಟೆಯ ಜುಂಗು ಕತ್ತರಿಸುವ ಯಂತ್ರವನ್ನು ಕಂಡು ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದ ಮೇಲೆ ಕುರಿಗಳ ಕೆಲಸ ಕ್ರಮೇಣ ಕಬ್ಬಿಣಕ್ಕೆ ಹೋಯಿತು. ಹುಲ್ಲಿನ ಆರೈಕೆಯನ್ನು ಒಂದು ವಿದ್ಯೆಯೆಂಬ ಮಟ್ಟಕ್ಕೆ ಏರಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಟಾಮ್ ಮಾರಿಸ್‌ನದು. 1860ರ ದಶಕದಿಂದ 1903ರವರೆಗೆ ಆತ ಸೇಂಟ್ ಆಂಡ್ರೂಸ್ ಮೈದಾನದ ಪಾಲಕನಾಗಿದ್ದ. ಕೈಗಾಡಿಯಿಂದ ಅಕಸ್ಮಾತ್ತಾಗಿ ಮರಳು ಚೆಲ್ಲಿದ ಜಾಗದಲ್ಲಿ ಹುಲ್ಲು ಸೊಂಪಾಗಿ ಚಿಗುರಿದ್ದನ್ನು ಕಂಡು, ಹುಲ್ಲಿನ ಮೇಲೆ ತೆಳ್ಳಗೆ ಮರಳು ಹರಡುವ ಪದ್ಧತಿಯನ್ನು ಆತ ರೂಢಿಗೆ ತಂದನೆಂದು ಹೇಳುತ್ತಾರೆ. ಭಾನುವಾರ ಆಟ ನಿಲ್ಲಿಸಿ ನೆಲಕ್ಕೆ ವಿಶ್ರಾಂತಿ ಕೊಡಬೇಕೆಂಬುದೂ ಆತನ ಹಟವಾಗಿತ್ತು. ಆ ಹಳೆಯ ಮೈದಾನದಲ್ಲಿ ಇಂದಿಗೂ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ.

ಈ ಆಟವನ್ನು ಬ್ರಿಟಿಷರು ತಾವು ಹೋದಲ್ಲೆಲ್ಲ ಹೊತ್ತೊಯ್ದರು. ಕಲ್ಕತ್ತದ ಕ್ಲಬ್ಬು 1829ರಷ್ಟು ಹಳೆಯದು. ಬ್ರಿಟಿಷ್ ದ್ವೀಪಗಳ ಹೊರಗಿನ ಅತಿ ಪ್ರಾಚೀನ ಗಾಲ್ಫ್ ಕ್ಲಬ್ಬೆಂಬ ಹೆಗ್ಗಳಿಕೆ ಅದರದು. ಮುಂಬಯಿಯಲ್ಲಿ 1842ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಕ್ಲಬ್ಬುಗಳಾದವು. ಆಟವೇನೋ ಹಡಗು ಹತ್ತಿ ಬಂತು, ಹುಲ್ಲು ಬರಲಿಲ್ಲ. ಸ್ಕಾಟ್ಲೆಂಡಿನ ಬೆಂಟ್ ಹುಲ್ಲು ನಮ್ಮ ಬಯಲುಸೀಮೆಯ ಏಪ್ರಿಲ್ ದಾಟುವುದು ಕಷ್ಟ. ಆದ್ದರಿಂದ ಕುಳಿಯ ಸುತ್ತಲಿನ, ಚೆಂಡು ನುಣ್ಣಗೆ ಉರುಳಬೇಕಾದ ಜಾಗವನ್ನು ಇಲ್ಲಿ ಹುಲ್ಲಿಲ್ಲದೆಯೇ ಮಾಡಿಕೊಂಡರು. ಮರಳಿಗೆ ಎಣ್ಣೆ ಬೆರೆಸಿ, ಹರಡಿ, ಉರುಳೆಯಿಂದ ಒತ್ತಿ ಮಾಡಿದ ಆ ವೃತ್ತಕ್ಕೆ ‘ಬ್ರೌನ್’ ಎಂದು ಹೆಸರು. ಒಂದು ತಂಡ ಆಡಿ ಹೋದ ಮೇಲೆ ಹೆಜ್ಜೆಗುರುತುಗಳನ್ನು ಅಳಿಸಲು ಒಬ್ಬ ಆಳು ಹಲಗೆ ಎಳೆಯುತ್ತಿದ್ದ. ದಂಡಿನ ಊರುಗಳ ಎಷ್ಟೋ ಮೈದಾನಗಳಲ್ಲಿ ಈ ಬ್ರೌನ್‌ಗಳು ತೀರ ಇತ್ತೀಚಿನವರೆಗೂ ಉಳಿದಿದ್ದವು. ಇದನ್ನು ಬಡತನದ ಗುರುತೆಂದು ಹಂಗಿಸಬೇಕಾಗಿಲ್ಲ. ಅಮೆರಿಕದ ಹೆಸರಾಂತ ಪೈನ್‌ಹರ್ಸ್ಟ್ ಎರಡನೆಯ ಮೈದಾನದಲ್ಲೂ 1935ರವರೆಗೆ ಇದ್ದದ್ದು ಮರಳಿನ ಅಂಗಳವೇ. ಬಿಸಿಲಿಗೆ ತಲೆಬಾಗಿದ ಆ ವ್ಯವಸ್ಥೆಯಲ್ಲಿ ಒಂದು ವಿವೇಕವಿತ್ತೆಂದೇ ನಮ್ಮ ಅಭಿಪ್ರಾಯ.

ಬಿಸಿಲನ್ನು ಗೆಲ್ಲುವ ಹುಲ್ಲು ಬ್ರಿಟಿಷರ ಕಾಲ ಕೆಳಗೇ ಇತ್ತು. ಗರಿಕೆಯನ್ನು ಇಂಗ್ಲಿಷಿನಲ್ಲಿ ಬರ್ಮುಡಾ ಹುಲ್ಲು ಎನ್ನುತ್ತಾರೆ. ಆ ದ್ವೀಪ ಅದರ ತವರಲ್ಲ. ಆಫ್ರಿಕ ಏಷ್ಯಾಗಳ ಬಿಸಿನೆಲದ ಈ ಹುಲ್ಲು ಹೇಗೋ ಅಟ್ಲಾಂಟಿಕ್ ದಾಟಿ, ಅಮೆರಿಕದ ದಕ್ಷಿಣದ ಹತ್ತಿಹೊಲಗಳಲ್ಲಿ ಬೇರುಬಿಟ್ಟು, ಅಲ್ಲಿನ ರೈತರ ಶಾಪಕ್ಕೆ ಗುರಿಯಾಯಿತು. ನಮ್ಮ ರೈತರೂ ಅದನ್ನು ಬಯ್ಯದ ದಿನವಿಲ್ಲ. ಪೂಜೆಗೆ ಇಪ್ಪತ್ತೊಂದು ಕುಡಿ ಹುಡುಕುವ ಕೈಯೇ ಹೊಲದಲ್ಲಿ ಅದನ್ನು ಕಿತ್ತು ಬದುವಿಗೆಸೆಯುತ್ತದೆ. ಗೆಣ್ಣುಗೆಣ್ಣಿಗೂ ಬೇರೊಡೆಯುವ ಈ ಗುಣವೇ ಹೊಲದಲ್ಲಿ ಪೀಡೆ, ಆಟದ ಅಂಗಳದಲ್ಲಿ ವರ.

ಇಲ್ಲಿಂದ ಕಥೆ ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಸಣ್ಣ ಊರಿಗೆ ಹೋಗುತ್ತದೆ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಗ್ಲೆನ್ ಬರ್ಟನ್ (1910–2005) ದನಗಳ ಮೇವಿಗಾಗಿ ಹುಲ್ಲಿನ ತಳಿಗಳನ್ನು ಬೆಳೆಸುತ್ತಿದ್ದ ವಿಜ್ಞಾನಿ. ಆತ ನಮ್ಮ ಗರಿಕೆಯ ಜಾತಿಯನ್ನು ದಕ್ಷಿಣ ಆಫ್ರಿಕದ ಎಳೆಯಂಥ ಎಲೆಯ ಇನ್ನೊಂದು ಜಾತಿಯೊಂದಿಗೆ ಕೂಡಿಸಿದರು. ಒಂದರ ವರ್ಣತಂತುಗಳು 36, ಇನ್ನೊಂದರವು 18. ಹುಟ್ಟಿದ ಕೂಸಿಗೆ 27. ಈ ಬೆಸಸಂಖ್ಯೆಯಿಂದಾಗಿ ಅದು ಬಂಜೆ, ಬೀಜ ಕಟ್ಟುವುದಿಲ್ಲ. ತುಂಡುಮಾಡಿ ನೆಟ್ಟೇ ಹಬ್ಬಿಸಬೇಕು. 1956ರಲ್ಲಿ ಹೊರಬಂದ ‘ಟಿಫ್‌ಗ್ರೀನ್’, ಅದರಲ್ಲೇ ತಾನಾಗಿ ಕಾಣಿಸಿಕೊಂಡ ಗಿಡ್ಡ ರೂಪಾಂತರವಾದ 1965ರ ‘ಟಿಫ್‌ಡ್ವಾರ್ಫ್’, ಇವು ಉಷ್ಣದೇಶಗಳ ಗಾಲ್ಫ್ ಅಂಗಳವನ್ನು ಕಂದಿನಿಂದ ಹಸಿರಿಗೆ ತಿರುಗಿಸಿದವು. ನಮ್ಮ ದೇಶದ ಅನೇಕ ಮೈದಾನಗಳೂ ಈ ತಳಿಗಳನ್ನೇ ನೆಚ್ಚಿಕೊಂಡವು. ಇಲ್ಲಿಂದ ಹೋದ ಗರಿಕೆ ಮದುವೆಯಾಗಿ, ಹೆಸರು ಬದಲಿಸಿಕೊಂಡು, ಬೆಲೆ ಕಟ್ಟಿಸಿಕೊಂಡು ಮರಳಿ ಬಂತೆನ್ನಬಹುದು.

ಹುಲ್ಲು ಬದಲಾದಾಗ ಬೇಸಗೆಯ ಅರ್ಥವೇ ಬದಲಾಯಿತು. ಬೆಂಟ್ ಹುಲ್ಲಿನ ಪಾಲಕನಿಗೆ ಬೇಸಗೆಯೆಂದರೆ ಆಸ್ಪತ್ರೆಯ ರಾತ್ರಿಪಾಳಿ. ಮಣ್ಣಿನ ಶಾಖ 27 ಡಿಗ್ರಿಯ ಆಸುಪಾಸಿಗೆ ಬಂದರೆ ಅದರ ಬೇರು ಬೆಳೆಯುವುದನ್ನು ಬಿಟ್ಟು ಹಿಂಜರಿಯುತ್ತದೆ. ಬೇರಿಗೆ ತಲುಪದಷ್ಟು ಸಣ್ಣ ತುಂತುರನ್ನು ನಡುಹಗಲು ಎಲೆಗೆ ಮಾತ್ರ ಸಿಂಪಡಿಸಿ ತಣಿಸಬೇಕು. ನೀರು ಹೆಚ್ಚಾದರೆ ಶಿಲೀಂಧ್ರ ರೋಗ ಬೆಳಗಾಗುವುದರೊಳಗೆ ಅಂಗಳವನ್ನೇ ನುಂಗಬಹುದು. ಜಗತ್ತಿನ ಅತ್ಯಂತ ಪ್ರಸಿದ್ಧ ಹಸಿರೆನಿಸಿದ ಆಗಸ್ಟಾ ನ್ಯಾಷನಲ್ ಇರುವುದೂ ಜಾರ್ಜಿಯಾದಲ್ಲೇ. 1981ರ ಪಂದ್ಯಾವಳಿಯ ಹೊತ್ತಿಗೆ ಅದು ಗರಿಕೆಯನ್ನು ಬಿಟ್ಟು ಬೆಂಟ್ ಹುಲ್ಲಿಗೆ ಹೋಯಿತು. ಆ ಕ್ಲಬ್ಬು ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಬಾಗಿಲು ಮುಚ್ಚುತ್ತದೆ! ದೂರದರ್ಶನದಲ್ಲಿ ಅದರ ಏಪ್ರಿಲ್ ತಿಂಗಳ ಹಸಿರನ್ನು ಕಂಡು ತಮ್ಮ ಮೈದಾನವೂ ವರ್ಷವಿಡೀ ಹಾಗಿರಬೇಕೆಂದು ಹಟ ಹಿಡಿಯುವ ಸದಸ್ಯರಿಗೆ ಈ ಸಂಗತಿಯನ್ನು ಯಾರಾದರೂ ಹೇಳಬೇಕು.

ಗರಿಕೆಗಾದರೋ ಬೇಸಗೆಯೇ ಸುಗ್ಗಿ. ದೆಹಲಿಯಲ್ಲಿ ಅದು ಸೋಲುವುದು ಡಿಸೆಂಬರ್ ಜನವರಿಯ ಚಳಿಗೆ. ಆಗ ಹಳದಿಯಾಗಿ ಮಲಗಿಬಿಡುತ್ತದೆ. ಬೇಸಗೆಯಲ್ಲಿ ಅದು ಬೆಳೆಯುವ ರಭಸವನ್ನು ತಡೆಯುವುದೇ ಕೆಲಸ. ಸತ್ತ ಕಾಂಡಬೇರುಗಳು ಮಣ್ಣಿನ ಮೇಲೆ ಮೆತ್ತೆಯಂತೆ ಕೂಡಿಕೊಂಡು ನೀರನ್ನೂ ಗಾಳಿಯನ್ನೂ ಒಳಬಿಡುವುದಿಲ್ಲ. ಆದ್ದರಿಂದ ಮಳೆಗೆ ಮುಂಚೆ ಟೊಳ್ಳು ಮೊಳೆಗಳ ಯಂತ್ರದಿಂದ ನೆಲದ ತುಂಬ ತೂತು ಕೊರೆದು, ಬೆರಳುಗಾತ್ರದ ಮಣ್ಣಿನ ತಿರುಳುಗಳನ್ನು ಎತ್ತಿಹಾಕಿ, ಆ ತೂತುಗಳಿಗೆ ಮರಳು ತುಂಬುತ್ತಾರೆ. ತಂಪು ಹುಲ್ಲಿಗೆ ವಸಂತದಲ್ಲೋ ಶರತ್ಕಾಲದಲ್ಲೋ ಮಾಡುವ ಈ ಶಸ್ತ್ರಚಿಕಿತ್ಸೆಯನ್ನು ಗರಿಕೆಗೆ ಸುಡುಬಿಸಿಲಿನಲ್ಲೇ ಮಾಡಬೇಕು. ಗಾಯ ಬೇಗ ಮಾಯುವುದು ಆಗಲೇ. ಇದು ಟಾಮ್ ಮಾರಿಸ್‌ನ ಮರಳೇ, ಭೂಮಿಯೊಳಕ್ಕೆ ಇಳಿದಿದೆ, ಅಷ್ಟೆ. 1960ರಲ್ಲಿ ಅಮೆರಿಕದ ಗಾಲ್ಫ್ ಸಂಘ ಗೊತ್ತುಪಡಿಸಿದ ಅಂಗಳದ ರಚನೆಯೂ ಹೆಚ್ಚುಕಡಿಮೆ ಮರಳೇ: ಕೆಳಗೆ ಬಸಿಗೊಳವೆ, ಅದರ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಒಂದಡಿ ಮರಳುಮಿಶ್ರಣ. ಆಟಗಾರರ ಚೆಂಡು ಬೇಗ ಉರುಳಬೇಕೆಂಬ ಆಸೆಗೆ ತಕ್ಕಂತೆ ಹುಲ್ಲಿನ ಎತ್ತರವೂ ಕುಗ್ಗುತ್ತ ಬಂತು. ಟಿಫ್‌ಗ್ರೀನ್ ಕಾಲದ ಆರು ಮಿಲಿಮೀಟರ್ ಇಂದು ಮೂರರ ಹತ್ತಿರಕ್ಕೆ ಇಳಿದಿದೆ. ಎಲೆ ಗಿಡ್ಡವಾದಷ್ಟು ಬೇರೂ ಗಿಡ್ಡ; ಬೇರು ಗಿಡ್ಡವಾದಷ್ಟು ಪಾಲಕನ ನಿದ್ದೆಯೂ ಗಿಡ್ಡ.

ಬರ್ಟನ್ ಕಥೆ ಇಷ್ಟಕ್ಕೇ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ಅದೇ ಟಿಫ್ಟನ್ನಿನ ಹೊಲಗಳಲ್ಲಿ ಆತ ಸಜ್ಜೆಯ ಮೇಲೂ ಕೆಲಸ ಮಾಡಿ, ಪರಾಗ ಕಟ್ಟದ ‘ಟಿಫ್ಟ್ 23ಎ’ ಎಂಬ ಹೆಣ್ಣು ಸಾಲನ್ನು ರೂಪಿಸಿದರು. ಅದರ ಬೀಜ ಭಾರತಕ್ಕೆ ಬಂತು. ಲುಧಿಯಾನದಲ್ಲಿ ಡಿ. ಎಸ್. ಅಠವಾಲ್ ಅದನ್ನು ದೇಶೀಯ ಸಾಲಿನೊಂದಿಗೆ ಕೂಡಿಸಿ, ಟಿಫ್‌ಡ್ವಾರ್ಫ್ ಹೊರಬಂದ ಅದೇ 1965ರಲ್ಲಿ, ಮೊದಲ ಸಂಕರಣ ಸಜ್ಜೆಯಾದ ‘ಎಚ್‌ಬಿ-1’ನ್ನು ಕೊಟ್ಟರು. ದೇಶದ ಸಜ್ಜೆಯ ಉತ್ಪಾದನೆ ಸುಮಾರು 35 ಲಕ್ಷ ಟನ್ನಿನಿಂದ ಐದೇ ವರ್ಷಗಳಲ್ಲಿ 80 ಲಕ್ಷ ಟನ್ನಿಗೆ ಏರಿತು. ಇದರಲ್ಲಿ ಮಳೆಗೂ ಪಾಲಿದೆ ಎನ್ನಬೇಕು. 1965 ಬರದ ವರ್ಷ, 1970 ಒಳ್ಳೆಯ ಮಳೆಯ ವರ್ಷ. ಆದರೂ ಹಸಿವಿನ ಆ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ಭೋಗಿಯ ದಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ತಿನ್ನುವ ನಮ್ಮ ವಿಜಯಪುರ, ಕೊಪ್ಪಳ, ರಾಯಚೂರಿನ ಕಡೆಯವರಿಗೆ ಈ ಹೆಸರು ಪರಿಚಿತವಾಗಿರಬೇಕಾಗಿತ್ತು.

ಎಪ್ಪತ್ತರ ದಶಕದ ಆರಂಭದಲ್ಲೇ ಅದರ ಇನ್ನೊಂದು ಮುಖ ಕಂಡಿತು. ಹೊಸ ಸಂಕರಣಗಳೆಲ್ಲ ಅದೊಂದೇ ಹೆಣ್ಣು ಸಾಲನ್ನು ನೆಚ್ಚಿದ್ದರಿಂದ ಬೂಜು ತುಪ್ಪಟ ರೋಗ ಅವನ್ನು ಒಟ್ಟಿಗೇ ಹೊಡೆಯಿತು. ಬೇರೆ ಬೇರೆ ಹೆಣ್ಣು ಸಾಲುಗಳನ್ನು ಬೆಳೆಸಿ ಚೇತರಿಸಿಕೊಳ್ಳಲು ವರ್ಷಗಳು ಹಿಡಿದವು. ಗಾಲ್ಫ್ ಅಂಗಳದ ಗರಿಕೆಯೂ ಒಂದೇ ಬಂಜೆ ಗಿಡದ ತುಂಡುಗಳ ಸಂತಾನ. ಅದು ಬದುಕಿರುವುದು ಔಷಧಿಗೂ ಆಳುಗಳಿಗೂ ಕೊರತೆಯಿಲ್ಲದಿರುವುದರಿಂದ. ಸಜ್ಜೆ ಬೆಳೆದವನಿಗೆ ಆ ಅನುಕೂಲವಿರಲಿಲ್ಲ.

ಆ ಆಳುಗಳಲ್ಲಿ ಹೆಂಗಸರೇ ಹೆಚ್ಚು. ಬೆಳಗಿನ ಹೊತ್ತು ಸಾಲಾಗಿ ಕುಕ್ಕುರುಗಾಲಲ್ಲಿ ಕೂತು ಖುರ್ಪಿಯಿಂದ ಕಳೆ ಕೀಳುವ ಅವರನ್ನು ನಮ್ಮ ಯಾವುದೇ ಊರಿನ ಮೈದಾನದಲ್ಲಿ ಕಾಣಬಹುದು. ಅವರು ಕೀಳುವುದರಲ್ಲಿ ಜೇಕು ಒಂದು. ಇನ್ನೊಂದು, ಬೆರಳು ಚಾಚಿದಂಥ ತೆನೆಯ ಕಾಡುಹುಲ್ಲು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ನಮ್ಮ ರಾಗಿಯ ಪೂರ್ವಜರಲ್ಲೊಂದು.

ಇನ್ನು ನೀರು. 2016ರ ಬರದಲ್ಲಿ ಕ್ರಿಕೆಟ್ ಅಂಗಳಗಳಿಗೆ ಸುರಿಯುವ ನೀರಿನ ಪ್ರಶ್ನೆಯೆದ್ದು, ಬಾಂಬೆ ಹೈಕೋರ್ಟು ಏಪ್ರಿಲ್ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಹೊರಗೆ ಕಳಿಸಿದ್ದನ್ನು ಮುಂಬಯಿ ಪುಣೆಯ ಓದುಗರು ಮರೆತಿರಲಾರರು. ಅಂತಿಮ ಪಂದ್ಯ ನಡೆದದ್ದು ಬೆಂಗಳೂರಿನಲ್ಲಿ, ಅಲ್ಲಿ ನೀರು ಹೊಳೆಯಾಗಿ ಹರಿಯುತ್ತಿತ್ತೋ ಎಂಬಂತೆ. ಗಾಲ್ಫ್ ಅಂಗಳ ಕ್ರಿಕೆಟ್ಟಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಹಲವು ಮೈದಾನಗಳು ಈಗ ಶುದ್ಧೀಕರಿಸಿದ ಚರಂಡಿ ನೀರಿಗೆ ಹೊರಳಿವೆ. ಆ ನೀರಿನಲ್ಲಿ ಉಪ್ಪು ಹೆಚ್ಚು. ಗರಿಕೆ ಒಂದು ಮಟ್ಟದವರೆಗೆ ತಡೆಯುತ್ತದೆ. ಅದಕ್ಕೂ ಮೀರಿದಲ್ಲಿ ಪಾಸ್ಪಲಂ ಎಂಬ ಕಡಲಂಚಿನ ಹುಲ್ಲನ್ನು ನೆಡುತ್ತಾರೆ. ಅದು ನಮ್ಮ ಹಾರಕದ ಕುಲಕ್ಕೆ ಸೇರಿದ್ದು.