ಸ್ವರಸ್ಮೃತಿಯೂ ಕರ್ನಾಟಕ ಸಂಗೀತದ ಲಕ್ಷಣಗ್ರಂಥಗಳೂ

ಪುರಂದರದಾಸರ ಕಾಲದಲ್ಲಿ ಷಡ್ಜದ ಕಂಪನಸಂಖ್ಯೆ ಎಷ್ಟಿತ್ತೆಂಬ ಪ್ರಶ್ನೆಗೆ ನಮ್ಮ ಲಕ್ಷಣಗ್ರಂಥಗಳು ಉತ್ತರ ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ 1711ರಲ್ಲಿಯೇ ಶ್ರುತಿಕವೆ ಬಳಕೆಗೆ ಬಂದಿತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನವು ಸೆಕೆಂಡಿಗೆ 440 ಕಂಪನಗಳ ಸ್ವರವೊಂದನ್ನು ಪ್ರಮಾಣವಾಗಿ ಅಂಗೀಕರಿಸಿತು. ನಮ್ಮಲ್ಲಿ ಇಂಥ ನಿಯಮವಿಲ್ಲದಿರುವುದನ್ನು ಕೊರತೆಯೆಂದು ಭಾವಿಸುವುದು ಸುಲಭ. ಆದರೆ ಮಿದುಳು ಸ್ವರಗಳನ್ನು ಗ್ರಹಿಸಿ ನೆನಪಿಡುವ ಬಗೆಯನ್ನು ಪರಿಶೀಲಿಸಿದರೆ ಈ ಅಭಿಪ್ರಾಯ ನಿಲ್ಲಲಾರದು.

ಒಳಗಿವಿಯ ಶಂಖಾಕಾರದ ನಾಳದಲ್ಲಿ ತೆಳುವಾದ ಪೊರೆಯೊಂದಿದೆ. ತಾರನಾದವು ಅದರ ಬುಡವನ್ನೂ ಮಂದ್ರನಾದವು ತುದಿಯನ್ನೂ ಹೆಚ್ಚಾಗಿ ಕಂಪಿಸುತ್ತದೆ. ಇದನ್ನು ಕುರಿತ ಸಂಶೋಧನೆಗಾಗಿ ಬೇಕೇಶಿಯವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಸ್ಥಾನಕ್ರಮವು ಶ್ರವಣನಾಡಿಯ ಮೂಲಕ ಮಿದುಳಿನವರೆಗೂ ಉಳಿದುಬರುತ್ತದೆ. ಗ್ರಹಣ ಹೀಗಾದರೂ ಸ್ಮರಣೆಯ ರೀತಿ ಬೇರೆ. ಪರಿಚಿತವಾದ ಕೀರ್ತನೆಯನ್ನು ಬೇರೊಂದು ಶ್ರುತಿಯಲ್ಲಿ ಹಾಡಿದರೂ ಒಡನೆಯೇ ಗುರುತಿಸುತ್ತೇವೆ. ಆಧಾರಶ್ರುತಿಯಿಲ್ಲದೆ ಒಂಟಿ ಸ್ವರವನ್ನು ಹೆಸರಿಸಬಲ್ಲವರಾದರೋ ಅತಿವಿರಳ. ಎಂದರೆ, ಸ್ಮೃತಿಯು ಮುಖ್ಯವಾಗಿ ಕಾಪಾಡಿಕೊಳ್ಳುವುದು ಸ್ವರಗಳ ನಡುವಣ ಅಂತರವನ್ನು.

ವಿಜಯನಗರದ ರಾಮಾಮಾತ್ಯನು 1550ರಲ್ಲಿ ರಚಿಸಿದ ‘ಸ್ವರಮೇಲಕಲಾನಿಧಿ’ಯು ಈ ಅಂತರಗಳನ್ನೇ ವೀಣೆಯ ಮೆಟ್ಟುಗಳ ಮೇಲೆ ನಿರ್ದೇಶಿಸಿ, 20 ಮೇಳಗಳನ್ನು ನಿರೂಪಿಸಿತು. 17ನೆಯ ಶತಮಾನದಲ್ಲಿ, ತಂಜಾವೂರಿನ ನಾಯಕರ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದದೀಕ್ಷಿತನ ಮಗ ವೆಂಕಟಮಖಿಯು ‘ಚತುರ್ದಂಡಿಪ್ರಕಾಶಿಕೆ’ಯಲ್ಲಿ 72 ಮೇಳಗಳನ್ನು ಗಣಿಸಿದನು: ರಿಷಭ ಗಾಂಧಾರಗಳ 6 ಜೋಡಿ, ಧೈವತ ನಿಷಾದಗಳ 6 ಜೋಡಿ, ಮಧ್ಯಮದ 2 ಭೇದ, ಇವುಗಳ ಗುಣಲಬ್ಧವೇ 72. ಎರಡು ಗ್ರಂಥಗಳಿಗೂ ಷಡ್ಜವು ಆಧಾರವೇ ಹೊರತು ಅಳೆದು ನಿಲ್ಲಿಸಿದ ಕಂಪನಸಂಖ್ಯೆಯಲ್ಲ.

ಶಿಕ್ಷಣಕ್ರಮವೂ ಇದಕ್ಕೆ ಅನುಗುಣವಾಗಿದೆ. ಆರಂಭದ ಸರಳೆ ವರಸೆಗಳನ್ನು ಮಾಯಾಮಾಳವಗೌಳದಲ್ಲಿ ಕಲಿಸುವ ಪದ್ಧತಿಯನ್ನು ಸಂಪ್ರದಾಯವು ಪುರಂದರದಾಸರಿಗೆ ಸಲ್ಲಿಸುತ್ತದೆ. ಅದರ ಪೂರ್ವಾಂಗದಲ್ಲಿರುವ ಅಂತರಗಳೇ ಉತ್ತರಾಂಗದಲ್ಲಿಯೂ ಬರುವುದರಿಂದ, ಒಮ್ಮೆ ಕಲಿತ ವಿನ್ಯಾಸವು ಎರಡು ಕಡೆ ಉಪಯೋಗಕ್ಕೆ ಬರುತ್ತದೆ. ಹೆಸರಿನ ಮೊದಲ ಅಕ್ಷರಗಳಾದ ‘ಮಾ’, ‘ಯಾ’ಗಳು ಕಟಪಯಾದಿಯಲ್ಲಿ 5 ಮತ್ತು 1, ತಿರುಗಿಸಿ ಓದಿದರೆ 15, ಅದೇ ಮೇಳದ ಸಂಖ್ಯೆ. ಇಂದು ರಾಜಾಜಿನಗರ, ಬಸವೇಶ್ವರನಗರಗಳ ಮನೆಪಾಠಗಳಲ್ಲಿ ತಂಬೂರಿಯ ಸ್ಥಾನಕ್ಕೆ ವಿದ್ಯುತ್ ಶ್ರುತಿಪೆಟ್ಟಿಗೆ ಬಂದಿದ್ದರೂ ತತ್ತ್ವ ಬದಲಾಗಿಲ್ಲ: ಮೊದಲು ಆಧಾರ, ಬಳಿಕ ಸ್ವರ.

ಆದರೆ ಸಂಖ್ಯೆಯ ಸ್ಮರಣೆ ಬೇರೆ, ನಾದದ ಸ್ಮರಣೆ ಬೇರೆ. ಸ್ವರಸ್ಥಾನವನ್ನು ಗ್ರಂಥವು ಹೇಳೀತು. ಒಂದು ಸ್ವರದಿಂದ ಇನ್ನೊಂದಕ್ಕೆ ಗಮಕವು ಸಾಗುವ ದಾರಿಯನ್ನು ಗುರುಮುಖದಿಂದಲೇ ಕೇಳಬೇಕು. ಗುರುವಿನ ಕಂಠ ನಿಂತೊಡನೆ, ಶಿಷ್ಯನ ಸ್ಮೃತಿಯಲ್ಲಿ ನೆಲೆಸದ ಪಾಠಾಂತರವೂ ಇಲ್ಲವಾಗುತ್ತದೆ. ಆದಕಾರಣ ಸಂಗೀತದ ಇತಿಹಾಸಕಾರನಿಗೆ ವೃದ್ಧ ವಿದ್ವಾಂಸರ ಪಾಠಾಂತರಗಳನ್ನು ಧ್ವನಿಮುದ್ರಿಸಿ ಕಾಪಾಡುವ ಕಾರ್ಯವು ಹಸ್ತಪ್ರತಿಗಳ ಸಂಪಾದನೆಯಷ್ಟೇ ಆವಶ್ಯಕ. ತುರ್ತಿನಲ್ಲಿ ಅದಕ್ಕಿಂತ ಮಿಗಿಲು.